ಗಡಿ ದಾಟುವ ಬೈಕಿಗೆ ವಿಮಾನದ ಸಂಖ್ಯೆ ಎಲ್ಲಿಂದ ತರಲಿ?

ಉಡುಪಿಯ ವಿಮಾ ಕಚೇರಿಯ ಮಾನ್ಯ ವಿಭಾಗೀಯ ವ್ಯವಸ್ಥಾಪಕರೇ,

ಒಂಬತ್ತು ವರ್ಷಗಳ ಹಿಂದೆ ಬಜಗೋಳಿಯ ಶೀನಣ್ಣನ ಕಾಲು ಮುರಿದದ್ದು ಅಂಗಳದಲ್ಲಿ ಜಾರಿಬಿದ್ದು ಅಲ್ಲ. ನಾನು ಬೈಕಿನಲ್ಲಿ ಗುದ್ದಿ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಈಗ ಪತ್ರಿಕೆಯಲ್ಲಿ ಬರೆಯಲು ಕಾರಣ ನಿಮ್ಮ ಕಚೇರಿ. ಒಂದೂವರೆ ತಿಂಗಳಿಂದ ಅದು ನನ್ನ ಕೈಯಲ್ಲಿ ಇನ್ನೊಂದು ಸುಳ್ಳು ಬರೆಸಲು ನೋಡುತ್ತಿದೆ. ನಾನು ಬೈಕಿನಲ್ಲಿ ನೇಪಾಳ, ಭೂತಾನ್ ಸುತ್ತಲು ಹೊರಟವನು. ಅಲ್ಲಿಗೂ ನನ್ನ ಬೈಕಿನ ವಿಮೆಯನ್ನು ವಿಸ್ತರಿಸಿ ಕೊಡಿ ಎಂದರೆ, ನೀವು ಕೇಳುತ್ತಿರುವುದು ವಿಮಾನದ ಸಂಖ್ಯೆ.

ಯಾಕೆ ಹೋಗುತ್ತೀ ಎಂದು ಕೇಳಿದರೆ ನನ್ನಲ್ಲಿ ದೊಡ್ಡ ಉತ್ತರವಿಲ್ಲ. ನಾನು ಪರ್ಕಳದ ಒಂದು ಗ್ಯಾರೇಜಿನ ಮೆಕ್ಯಾನಿಕ್. ಬೇರೆಯವರ ಬೈಕ್ ಸರಿಮಾಡಿ, ಟ್ರಯಲ್‌ಗೆಂದು ಮಣಿಪಾಲದವರೆಗೆ ಓಡಿಸಿ, ತಿರುಗಿಸಿಕೊಂಡು ಬರುವುದು ನನ್ನ ಕೆಲಸ. ಪ್ರತಿ ಸಲ ತಿರುಗಿಸುವಾಗಲೂ ಕೈ ಒಪ್ಪುವುದಿಲ್ಲ. ಒಮ್ಮೆಯಾದರೂ ತಿರುಗಿಸದೆ ಹೋಗಬೇಕು, ಅಷ್ಟೇ. ಈ ಪತ್ರ ಬರೆಯುವಾಗಲೂ ಎರಡು ಸಲ ಎದ್ದುಹೋಗಿ ಚೈನಿಗೆ ಎಣ್ಣೆ ಬಿಟ್ಟು ಬಂದೆ.

ಮೊದಲ ದಿನ ನಿಮ್ಮ ಕೌಂಟರಿನಲ್ಲಿ ನಡೆದ ಮಾತುಕತೆ ಹೀಗಿತ್ತು.

"ಫಾರಿನ್‌ಗಾ? ದುಬೈಯಾ, ಮಸ್ಕತ್ತಾ?"

"ನೇಪಾಳ, ಭೂತಾನ್. ಬೈಕಿನಲ್ಲಿ."

"ಬೈಕನ್ನು ಕಾರ್ಗೋದಲ್ಲಿ ಹಾಕುವುದಾ?"

"ಇಲ್ಲ ಮೇಡಂ, ಬೈಕೇ ನನ್ನನ್ನು ಹಾಕಿಕೊಂಡು ಹೋಗುವುದು."

"ತಮಾಷೆ ಬೇಡ ಮಾರಾಯ್ರೆ. ವೀಸಾ ಉಂಟಾ?"

ಆ ಎರಡು ದೇಶಗಳಿಗೆ ಹೋಗಲು ನಮಗೆ ವೀಸಾ ಬೇಡ ಎಂದೆ. ಹಾಗಾದರೆ ವೀಸಾ ಬೇಡವೆಂದು ಆ ದೇಶಗಳಿಂದ ಒಂದು ಪತ್ರ ತನ್ನಿ ಎಂದರು. ಅವರನ್ನು ದೂರುವುದಿಲ್ಲ. ನಮ್ಮ ಊರಿನಲ್ಲಿ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ. ವಿದೇಶವೆಂದರೆ ಮಂಗಳೂರಿನಿಂದ ವಿಮಾನ ಹತ್ತಿ, ಸಮುದ್ರ ದಾಟಿ ಇಳಿಯುವ ಜಾಗ. ಡಾಂಬರು ರಸ್ತೆಯಲ್ಲೇ ಮುಂದೆ ಹೋದರೂ ಒಂದು ವಿದೇಶ ಸಿಗುತ್ತದೆ ಎಂದರೆ ನನ್ನ ಅಮ್ಮನೂ ನಂಬಿರಲಿಲ್ಲ. ಆದರೆ ನನ್ನ ಅಮ್ಮ ವಿಮಾ ಕಂಪನಿ ನಡೆಸುತ್ತಿಲ್ಲ.

ಮತ್ತೆ, ಇದು ನಾನು ಕಂಡ ಕನಸೂ ಅಲ್ಲ. ನೀವೇ ಕೊಟ್ಟ ಪಾಲಿಸಿಯ ಹನ್ನೊಂದನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಯಾವ ಯಾವ ದೇಶಗಳಿಗೆ ರಕ್ಷಣೆ ವಿಸ್ತರಿಸುತ್ತೀರಿ ಎಂಬ ಪಟ್ಟಿ ಉಂಟು. ನೇಪಾಳ ಉಂಟು, ಭೂತಾನ್ ಉಂಟು. ಮಾಲ್ಡೀವ್ಸ್ ಕೂಡ ಉಂಟು! ಸುತ್ತ ನೀರೇ ಇರುವ ದೇಶಕ್ಕೆ ಹೋಗುವ ಬೈಕಿಗೂ ವಿಮೆ ಕೊಡುವಷ್ಟು ಉದಾರಿಗಳು ನೀವು. ರಸ್ತೆಯಲ್ಲಿ ಹೋಗುವವನ ಮೇಲೆ ಮಾತ್ರ ಯಾಕೆ ಸಿಟ್ಟು?

ಆ ಪುಟ ತೋರಿಸಿದ ಮೇಲೆ ಮಣಿಪಾಲ ಶಾಖೆಗೆ ಕಳುಹಿಸಿದಿರಿ. ಮಣಿಪಾಲದವರು, ಪಾಲಿಸಿ ಆದದ್ದು ಕಾರ್ಕಳದಲ್ಲಿ, ಅಲ್ಲಿಗೇ ಹೋಗಿ ಎಂದರು. ಕಾರ್ಕಳದವರು, ಇದಕ್ಕೆಲ್ಲ ಉಡುಪಿಯೇ ಆಗಬೇಕು ಎಂದರು. ಈ ಮೂರು ಊರುಗಳ ನಡುವೆ ನಾನು ಓಡಿದ ದೂರಕ್ಕೆ ಗೋವಾ ದಾಟಿರುತ್ತಿದ್ದೆ. ಕಾಪುವಿನ ವಿಮಾ ಏಜೆಂಟ್ ಡೆರಿಕ್ ನನ್ನ ಅವಸ್ಥೆ ನೋಡಿ ನಕ್ಕ. "ಹೋಗು ಮಾರಾಯ, ಗಡಿಯಲ್ಲಿ ಎಂತಾದರೂ ಒಂದು ಚೀಟಿ ಕೊಡ್ತಾರೆ. ಕೊಡದಿದ್ದರೂ ಕೇಳುವವರು ಯಾರು?"

ಕೊನೆಗೆ ನಿಮ್ಮ ಕೋಣೆಗೇ ಬಂದೆ. ನೀವು ಕುರ್ಚಿ ಕೊಟ್ಟಿರಿ, ಪುಟ ಹನ್ನೊಂದನ್ನು ಎರಡು ಸಲ ಓದಿದಿರಿ. "ಎಷ್ಟು ಓದಿದ್ದೀರಿ?" ಎಂದು ಕೇಳಿದಿರಿ. ಒಂಬತ್ತನೇ ಪಾಸು ಎಂದೆ. "ಹಾಗಾದರೆ ಇದನ್ನು ಓದಿ ಹೇಳಿದ್ದು ಯಾರು?" ನಾನೇ ಓದಿದ್ದು ಸ್ವಾಮಿ, ಫೋನಿನಲ್ಲಿ ಪದಗಳ ಅರ್ಥ ಹುಡುಕಿಕೊಂಡು, ಮೂರು ಸಂಜೆ. ನಿಮ್ಮ ಮೂರು ಕಚೇರಿಗಳ ಪದವೀಧರರು ಓದಿದ್ದರೆ ನನಗೆ ಆ ತೊಂದರೆ ಇರುತ್ತಿರಲಿಲ್ಲ. ಆಮೇಲೆ ನೀವು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಿರಿ. ವಿದೇಶ ಎಂದು ಒತ್ತಿದ ಕೂಡಲೇ ಅದು ವಿಮಾನದ ಸಂಖ್ಯೆ ಕೇಳುತ್ತದೆ. ತುಂಬದಿದ್ದರೆ ಮುಂದೆ ಹೋಗುವುದಿಲ್ಲ. "ಯಾವುದಾದರೂ ಒಂದು ನಂಬರ್ ಬರೆದು ಸಹಿ ಹಾಕಿ ಕೊಡಿ. ನಿಮ್ಮ ಕೆಲಸ ಆಗುತ್ತದೆ ಅಲ್ವಾ?" ಎಂದಿರಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದಿರಿ. ನಾನು ಪೆನ್ನು ಕೆಳಗಿಟ್ಟು ಎದ್ದುಬಂದೆ. ಹುಡುಗನಿಗೆ ಅಹಂಕಾರ ಎಂದುಕೊಂಡಿರಬಹುದು. ಅದಕ್ಕೇ ಬಜಗೋಳಿಯ ಕಥೆ ಹೇಳಬೇಕಾಗಿದೆ.

ಆಗ ನನಗೆ ಹದಿನಾರು. ಬಜಗೋಳಿಯ ಮಾವನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದೆ. ಮಾವನ ಮಗ ರಿತೇಶಣ್ಣನ ಬೈಕನ್ನು ಕೇಳದೆ ತೆಗೆದುಕೊಂಡು ಹೋದೆ. ಶೀನಣ್ಣ ಕಾರ್ಕಳ–ಉಡುಪಿ ಬಸ್ಸಿನ ಕಂಡಕ್ಟರ್. ಡ್ಯೂಟಿ ಮುಗಿಸಿ ರಸ್ತೆ ಬದಿಯಲ್ಲಿ ನಡೆದು ಬರುತ್ತಿದ್ದರು. ನನಗೆ ಲೈಸೆನ್ಸ್ ಇರಲಿಲ್ಲ. ಬೈಕಿನ ವಿಮೆ ಮುಗಿದು ಎರಡು ತಿಂಗಳಾಗಿತ್ತು. ಕೇಸಾದರೆ ಹುಡುಗನ ಬಾಳು ಹಾಳು ಎಂದು ಮಾವ ಕೈಮುಗಿದರು. ಶೀನಣ್ಣ ಆಯಿತು ಎಂದರು. ಗಾಯ ಹೇಗಾಯಿತು ಎಂದು ಆಸ್ಪತ್ರೆಯ ಫಾರ್ಮಿನಲ್ಲಿ ಕೇಳಿತ್ತು. ಅಕ್ಷರ ಚೆಂದ ಉಂಟೆಂದು ಮಾವ ಪೆನ್ನನ್ನು ನನಗೇ ಕೊಟ್ಟರು. "ಅಂಗಳದಲ್ಲಿ ಜಾರಿ ಬಿದ್ದು" ಎಂದು ನಾನು ಬರೆದೆ.

ಫಾರ್ಮ್ ಮುಂದೆ ಹೋಯಿತು. ಶೀನಣ್ಣನ ಕಾಲು ಮಾತ್ರ ಸರಿಯಾಗಿ ಕೂಡಲಿಲ್ಲ. ಓಡುವ ಬಸ್ಸಿನಲ್ಲಿ ನಿಲ್ಲಲಾಗದವರು ಕಂಡಕ್ಟರ್ ಆಗುವುದು ಹೇಗೆ? ಅಪಘಾತವೇ ಆಗಿಲ್ಲವೆಂದ ಮೇಲೆ ಪರಿಹಾರ ಕೇಳುವುದು ಯಾರ ಹತ್ತಿರ? ಶಾಲೆಯ ದಾರಿ ಅವರ ಮನೆಯ ಮುಂದೆಯೇ ಇತ್ತು. ನಾನು ಆ ದಾರಿ ಬಿಟ್ಟೆ, ಶಾಲೆಯೂ ಬಿಟ್ಟುಹೋಯಿತು. ವಿದ್ಯೆ ತಲೆಗೆ ಹತ್ತಲಿಲ್ಲ ಎಂದು ಜನ ಹೇಳಿದರು. ನಾನೂ ಹೌದೆಂದೆ.

ಕಳೆದ ಭಾನುವಾರ ಬಜಗೋಳಿಗೆ ಹೋದೆ. ಶೀನಣ್ಣ ತಮ್ಮ ಸಣ್ಣ ಜೀನಸು ಅಂಗಡಿಯಲ್ಲಿ ಕುಳಿತಿದ್ದರು. ಪತ್ರ ಬರೆಯುತ್ತೇನೆ, ನಿಮ್ಮ ಹೆಸರು ಹಾಕಲಾ ಎಂದು ಕೇಳಿದೆ.

"ಹಾಕು ಮಾರಾಯ. ಹದಿನೆಂಟು ವರ್ಷ ಓಡುವ ಬಸ್ಸಿನಲ್ಲಿ ಬೀಳದವ ಅಂಗಳದಲ್ಲಿ ಬಿದ್ದ ಅಂತ ಡ್ರೈವರ್‌ಗಳೆಲ್ಲ ಈಗಲೂ ನಗಾಡ್ತಾರೆ."

ಒಳಗಿನಿಂದ ಅವರ ಹೆಂಡತಿ ಸುಗಂಧಿಯಕ್ಕ ಬಂದರು. "ಅವರಿಗೆ ನಗಾಡಿದ್ದು ಮಾತ್ರ. ಬೈಗುಳ ತಿಂದದ್ದು ನಾನು. ಅಂಗಳದ ಪಾಚಿ ಉಜ್ಜಲಿಕ್ಕೆ ಆಗದವಳು, ಗಂಡನ ಕಾಲು ತೆಗೆದಳು ಅಂತ ಅತ್ತೆ ಸಾಯುವವರೆಗೆ ಹೇಳಿದರು. ಅದನ್ನೂ ಬರಿ ಸುಕೇಶ."

ಬರೆದಿದ್ದೇನೆ. ನನ್ನ ಮೂರು ಪದಗಳ ಸುಳ್ಳು ಅವರ ಮೇಲೆ ಬಿದ್ದದ್ದು ನನಗೆ ಗೊತ್ತಾದದ್ದೇ ಮೊನ್ನೆ.

ಈಗ ಹೇಳಿ, ನಾನು ಯಾವ ವಿಮಾನದ ಸಂಖ್ಯೆ ಬರೆಯಲಿ? ನೇಪಾಳದ ಯಾವುದೋ ತಿರುವಿನಲ್ಲಿ ನನ್ನ ಬೈಕ್ ಯಾರಿಗೋ ತಾಗಿತು ಎಂದುಕೊಳ್ಳಿ. ಅವರ ಮನೆಯವರು ಪಾಲಿಸಿ ಹಿಡಿದು ಬಂದಾಗ, ಇವನು ವಿಮಾನದಲ್ಲಿ ಹೋದವನಲ್ಲವೇ, ಅರ್ಜಿಯೇ ಸುಳ್ಳು ಎಂದು ಮೊದಲು ಹೇಳುವವರು ನೀವೇ ಅಲ್ಲವೇ? ನಾನು ಕೇಳುತ್ತಿರುವುದು ನನ್ನ ರಕ್ಷಣೆಯಲ್ಲ. ಆ ಕಡೆಯೂ ರಸ್ತೆ ಬದಿಯಲ್ಲಿ ಶೀನಣ್ಣನಂಥವರು ಕೆಲಸ ಮುಗಿಸಿ ಮನೆಗೆ ನಡೆಯುತ್ತಿರುತ್ತಾರೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ವಿಮಾನದ ಸಂಖ್ಯೆಯ ಆ ಖಾನೆ ಕಂಪ್ಯೂಟರಿನಿಂದ ಹೋಗದಿದ್ದರೆ ಕಾಗದದ ಮೇಲೆ ಟೈಪ್ ಮಾಡಿ, ಮೊಹರು ಹಾಕಿ, ವಿಸ್ತರಣಾ ಪತ್ರವನ್ನು ನನಗೆ ಇಮೇಲ್ ಮಾಡಿ. ಅರ್ಜಿಯಲ್ಲಿ "ರಸ್ತೆ ಮೂಲಕ" ಎಂದು ಬರೆದು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ನೇಪಾಳಕ್ಕೆ ದಾಟುವ ಸೋನೌಲಿಯ ಗಡಿ ತಲುಪಲು ನನಗೆ ಏಳು ದಿನ ಬೇಕು. ನಿಮಗೂ ಏಳು ದಿನ ಸಿಕ್ಕಿತು. ಪತ್ರ ಬಾರದಿದ್ದರೆ ಗಡಿಯ ಈಚೆ ಬೈಕ್ ನಿಲ್ಲಿಸಿ ಕಾಯುತ್ತೇನೆ; ದಾಟುವುದಿಲ್ಲ. ಒಂದು ಕಡೆ ಸುಮ್ಮನೆ ಕೂರುವುದು ನನಗೆ ಎಷ್ಟು ಕಷ್ಟವೆಂದು ಗ್ಯಾರೇಜಿನಲ್ಲಿ ಯಾರನ್ನು ಬೇಕಾದರೂ ಕೇಳಿ.

ಬ್ಯಾಗು ಕಟ್ಟಿ ಆಗಿದೆ. ನಾಳೆ ಬೆಳಿಗ್ಗೆ ಆರು ಗಂಟೆಗೆ ಹೊರಡುತ್ತೇನೆ.

ಇಂತಿ,
ನಿಮ್ಮ ಕಂಪ್ಯೂಟರಿನ ಪ್ರಕಾರ ಇನ್ನೂ ವಿಮಾನ ಹತ್ತದ,
ಸುಕೇಶ್, ಪರ್ಕಳ