ಸೋಡಾ ನೀರಲ್ಲಿ ಅದ್ದಿದ ಜಡೆ

ಹಿಂದೂಪುರ
ಭಾನುವಾರ, 17-11-2024

ಫೋನ್ ಎತ್ತದ ನನ್ನ ಮಗಳು ಹರಿತಾಗೆ,

ಅಮ್ಮನ ಆಶೀರ್ವಾದ. ಹತ್ತು ದಿನದಿಂದ ನಿನಗೆ ಫೋನ್ ಮಾಡುತ್ತಿದ್ದೇನೆ. ಒಂದೋ ಕಟ್ ಮಾಡುತ್ತೀಯ, ಇಲ್ಲ ಅದು ಬಡಕೊಂಡು ಬಡಕೊಂಡು ತಾನೇ ಸುಮ್ಮನಾಗುತ್ತದೆ. ಅದಕ್ಕೇ ಕಾಗದ ಹಿಡಿದೆ. ತೆಲುಗಾದರೆ ನೀನು ಸರಸರ ಓದುತ್ತೀಯ, ಗೊತ್ತು. ಆದರೆ ನಾನು ಪರಿಗಿ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಕಲಿತದ್ದು ಕನ್ನಡ. ಮನಸ್ಸಿನಲ್ಲಿರುವುದನ್ನು ಬರೆಯಬೇಕಾದರೆ ನನಗೆ ಬೇರೆ ಅಕ್ಷರ ಬರುವುದಿಲ್ಲ. ನಿನಗೂ ಐದರವರೆಗೆ ಓದಿಸಿದ್ದೇನಲ್ಲ, ಕೂಡಿಸಿಕೊಂಡು ಓದು. ಕೂತು ಓದು. ಏಳು ತಿಂಗಳ ಹೊಟ್ಟೆ ಹೊತ್ತು ಬಾಗಿಲಲ್ಲಿ ನಿಂತು ಓದಬೇಡ.

ಸೀಮಂತಕ್ಕೆ ನಾನು ಬರಲಿಲ್ಲ ಅಂತ ನಿನಗೆ ಕೋಪ. ಬರಬೇಕಾದ ಕೋಪವೇ. ಹೆತ್ತವಳು ಬದುಕಿರುವಾಗಲೇ ಮೊದಲ ಆರತಿಯನ್ನು ಅತ್ತೆ ಎತ್ತಿದರೆ ಯಾವ ಮಗಳಿಗೆ ಸಂಕಟವಾಗುವುದಿಲ್ಲ? ಆದರೆ ನಿಮ್ಮಪ್ಪನ ಕೈಲಿ ನೀನು ಒಂದು ಮಾತು ಹೇಳಿ ಕಳಿಸಿದೆ ನೋಡು, "ಸೀಮಂತಕ್ಕೇ ಬರ್ದಿರೋಳು ಬಾಣಂತನ ಏನ್ ಮಾಡ್ತಾಳೆ? ಹೆರಿಗೆಗೆ ನಾನು ಹಿಂದೂಪುರಕ್ಕೆ ಬರಲ್ಲ, ಇಲ್ಲೇ ಇದ್ಬುಡ್ತೀನಿ" ಅಂತ, ಅದು ನನ್ನನ್ನು ತಿಂದುಹಾಕುತ್ತಿದೆ. ಚೊಚ್ಚಲ ಹೆರಿಗೆ ಕಣೇ. ಅದಕ್ಕೂ ತವರಿಗೆ ಬರದೆ ಇನ್ಯಾವಾಗ ಬರುತ್ತೀಯ? ನಿಮ್ಮಪ್ಪ ಈ ಮಾತು ನನಗೆ ಒಪ್ಪಿಸಿ, ಎರಡು ದಿನ ನನ್ನ ಮುಖ ನೋಡದೆ ಊಟ ಮಾಡಿದರು.

ನನಗೆ ಜ್ವರ ಅಂತ ಅವರು ಅಲ್ಲಿ ಹೇಳಿದ್ದು ಸುಳ್ಳು. ಪಾಪ, ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿಸಿದವಳು ನಾನೇ. ವಿಷಯ ಇಷ್ಟು. ನನ್ನ ತಲೆಯಲ್ಲಿ ಈಗ ಕೂದಲಿಲ್ಲ.

ಗಾಬರಿಯಾಗಬೇಡ. ಕ್ಯಾನ್ಸರ್ರೂ ಇಲ್ಲ, ಗೀನ್ಸರ್ರೂ ಇಲ್ಲ. ನನ್ನ ಕೈಯಾರೆ ಮಾಡಿಕೊಂಡದ್ದು. ನೀನು ಚಿಕ್ಕವಳಿದ್ದಾಗ ಎರಡು ಕೈಯಲ್ಲಿ ಹಿಡಿದು ಜೋತಾಡುತ್ತಿದ್ದೆಯಲ್ಲ, ಸೊಂಟದ ಕೆಳಗೆ ಬರುತ್ತಿದ್ದ ಆ ಜಡೆ, ಅದು ಹೋಯಿತು. ಬೇರೆಯವರಿಂದ ನಿನಗೆ ಗೊತ್ತಾಗುವುದು ಬೇಡ ಅಂತ ನಾನೇ ಬರೆಯುತ್ತಿದ್ದೇನೆ.

ದಸರಾಕ್ಕೆ ಮುಂಚೆ ಅಂಗಡಿಯಿಂದ ಕಪ್ಪು ಬಣ್ಣದ ಪ್ಯಾಕೆಟ್ ತಂದು ತಲೆಗೆ ಹಚ್ಚಿದೆ. ಕಿವಿಯ ಮೇಲಿನ ಬಿಳಿ, ಬೈತಲೆಯ ಬಿಳಿ ಸರಿಯಾಗಿ ಬಣ್ಣ ಹಿಡಿಯಲಿಲ್ಲ. ಎರಡು ಸ್ನಾನಕ್ಕೆ ಮತ್ತೆ ಹಲ್ಲು ಕಿರಿಯಿತು. ನನಗೆ ಸಿಟ್ಟು ಬಂತು. ಹದಿನೆಂಟು ವರ್ಷದಿಂದ ರೇಷ್ಮೆ ನೂಲಿಗೆ ಬಣ್ಣ ಹಾಕುವ ಶೆಡ್ಡಿನಲ್ಲಿ ಇದ್ದೇನೆ. ಮೇಸ್ತ್ರಿ ನಾರಪ್ಪ ಎಲ್ಲರೆದುರಿಗೆ, "ಕಪ್ಪು ಹಾಕ್ಬೇಕಾ? ಶೋಭಕ್ಕನ್ನ ಕರೀರಪ್ಪ, ಬೇರೇರ ಕೈಲಿ ನಿಲ್ಲಲ್ಲ" ಅನ್ನುತ್ತಾನೆ. ಅಂಥ ನನ್ನ ತಲೆಯ ಮೇಲೆ ಒಂದು ಪ್ಯಾಕೆಟ್ ಕಪ್ಪು ನಿಲ್ಲುವುದಿಲ್ಲವೆಂದರೆ!

ಶೆಡ್ಡಿನಲ್ಲಿ ಹಸಿ ರೇಷ್ಮೆಗೆ ನೇರವಾಗಿ ಬಣ್ಣ ಹಾಕುವುದಿಲ್ಲ. ಮೊದಲು ಸೋಪು, ಸೋಡಾ ಹಾಕಿದ ಬಿಸಿನೀರಿನಲ್ಲಿ ಅದ್ದಿ ಅಂಟು ಬಿಡಿಸುತ್ತೇವೆ. ಅಂಟು ಹೋದ ಮೇಲೇ ನೂಲು ಬಣ್ಣ ಕುಡಿಯುವುದು. ಕೂದಲೂ ನೂಲೇ ತಾನೇ ಅಂದುಕೊಂಡೆ. ನೋಡು ನಿಮ್ಮಮ್ಮನ ಬುದ್ಧಿ.

ದಸರಾ ಮಾರನೇ ದಿನ ಭಾನುವಾರ, ಶೆಡ್ಡಿಗೆ ರಜ. ನಿಮ್ಮಪ್ಪ ಅಜ್ಜಿಯನ್ನು ನೋಡಲು ಪರಿಗಿಗೆ ಹೋಗಿದ್ದರು. ಬಟ್ಟೆ ಒಗೆಯುವ ಸೋಡಾವನ್ನು ಬಿಸಿನೀರಿನಲ್ಲಿ ಕದಡಿ, ಜಡೆ ಬಿಚ್ಚಿ ಬಕೆಟ್ಟಿಗೆ ಇಳಿಬಿಟ್ಟು, ನೆತ್ತಿಯ ಮೇಲೂ ಅದೇ ನೀರು ಹುಯ್ದುಕೊಂಡು ಅರ್ಧ ಗಂಟೆ ಕೂತೆ. ಅದರ ಮೇಲೆ ಎರಡು ಪ್ಯಾಕೆಟ್ ಬಣ್ಣ ಬಳಿದೆ. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನೋ ಇತ್ತು. ಓದಲಿಲ್ಲ. ಬಣ್ಣದ ವಿಷಯ ನನಗೆ ಯಾರು ಹೇಳಿಕೊಡಬೇಕು ಅನ್ನುವ ಕೊಬ್ಬು. ಸ್ವಲ್ಪ ಹೊತ್ತಿಗೆ ತಲೆ ಉರಿಯತೊಡಗಿತು. ಶೆಡ್ಡಿನಲ್ಲಿ ಕೈ ಉರಿದರೆ ನಾವು ಬಣ್ಣ ಹಿಡಿಯುತ್ತಿದೆ ಅಂತಲೇ ಹೇಳಿಕೊಂಡು ನಗುವುದು. ಇಲ್ಲೂ ಹಾಗೇ ಅಂದುಕೊಂಡು, ಹಲ್ಲು ಕಚ್ಚಿ ಇನ್ನೂ ಒಂದು ಗಂಟೆ ಬಿಟ್ಟೆ.

ತೊಳೆಯಲು ಕೂತಾಗ ಮೊದಲ ಚೊಂಬಿಗೆ ಕರಿನೀರು ಬಂತು. ಎರಡನೇ ಚೊಂಬಿಗೆ ಕೂದಲು ಬಂತು. ನೆನೆದ ನೂಲು ಲಡಿಯಿಂದ ಜಾರಿದ ಹಾಗೆ ಹಿಡಿಹಿಡಿಯಾಗಿ ಕೈಗೇ ಬರುತ್ತಿತ್ತು ಹರಿತಾ. ಎಳೆಯಲಿಲ್ಲ, ಸುಮ್ಮನೆ ಮುಟ್ಟಿದೆ, ಅಷ್ಟೇ. ಬಚ್ಚಲ ತೂತು ಕಟ್ಟಿಕೊಂಡು ನೀರು ನನ್ನ ಕಾಲಿನ ಸುತ್ತ ನಿಂತಿತು. ನಾನು ಕಿರುಚಿಕೊಂಡದ್ದು ಕೇಳಿ ಪಕ್ಕದ ಮನೆ ಪೆದ್ದಕ್ಕ ಓಡಿ ಬಂದಳು. "ಅಯ್ಯೋ ದೇವುಡಾ, ಏನ್ ಮಾಡ್ಕೊಂಬುಟ್ಟೆ ಶೋಭಾ!" ಅಂತ ತಲೆಗೆ ತಣ್ಣೀರು ಸುರಿದಳು, ಸುರಿಯುತ್ತಾ ತಾನೂ ಅತ್ತಳು.

ಚರ್ಮದ ಡಾಕ್ಟರ ಹತ್ತಿರ ಹೋದೆವು. ಚರ್ಮ ಸುಟ್ಟಿದೆ, ಕೆಲವು ಕಡೆ ಬೇರು ಉಳಿದಿರಬಹುದು, ಕೆಲವು ಕಡೆ ಇಲ್ಲ, ಆರು ತಿಂಗಳು ಕಾಯಬೇಕು ಅಂದರು. ಅಲ್ಲೊಂದು ಇಲ್ಲೊಂದು ನೇತಾಡುತ್ತಿದ್ದುದನ್ನು ತೆಗೆಸಬೇಕಿತ್ತು. ಕ್ಷೌರದ ಅಂಗಡಿಗೆ ಹೋಗಲು ನನಗೆ ಮುಖವಿರಲಿಲ್ಲ. ನಿಮ್ಮಪ್ಪನೇ ಹಿತ್ತಲಲ್ಲಿ ಕೂರಿಸಿಕೊಂಡು ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿದರು. ಮೂವತ್ತು ವರ್ಷ ಮಂಡಿಯಲ್ಲಿ ಹುಣಸೆಹಣ್ಣು ತೂಗಿದ ಕೈ, ತಕ್ಕಡಿ ಅಲುಗದ ಹಾಗೆ ಹಿಡಿಯುವ ಕೈ, ಅವತ್ತು ಎರಡು ಸಲ ಕತ್ತರಿ ಬೀಳಿಸಿತು. ಕೊನೆಗೆ, "ತಿರುಪ್ತಿಗೆ ಮುಡಿ ಕೊಟ್ಬಂದೆ ಅಂತ ಹೇಳ್ಬುಡು, ಯಾರೂ ಕೇಳಲ್ಲ" ಅಂದರು.

ನಾನು ಹೇಳಲಿಲ್ಲ. ಆದರೆ ಜನ ತಾವೇ ಹಾಗಂದುಕೊಂಡರು. ತಲೆಗೆ ಬಟ್ಟೆ ಕಟ್ಟಿಕೊಂಡು ಶೆಡ್ಡಿಗೆ ಹೋದ ಮೊದಲ ದಿನವೇ ನಾರಪ್ಪ ಕೈ ಮುಗಿದು, "ದರ್ಶನ ಚೆನ್ನಾಗಾಯ್ತಾ ಶೋಭಕ್ಕ? ಲಡ್ಡು ಎಲ್ಲಿ?" ಅಂದ. ನಾನು ತಲೆಯ ಬಟ್ಟೆ ಬಿಗಿದುಕೊಂಡು ಬಣ್ಣದ ಕಡಾಯಿಯ ಕಡೆ ಹೋದೆ. ಆಮೇಲೆ ಬಟ್ಟೆ ಜಾರಿ ಸುಟ್ಟ ಗಾಯ ಕಂಡ ಮೇಲೆ ಅವನು ಲಡ್ಡು ಕೇಳಲಿಲ್ಲ. ಬಿಸಿ ಹಬೆ ತಲೆಗೆ ತಾಗಬಾರದೆಂದು ನನ್ನನ್ನು ಕಡಾಯಿಯಿಂದ ನೂಲು ಸುತ್ತುವ ಕಡೆಗೆ ಹಾಕಿದ.

ಕೂದಲು ಕೊಂಡು ಸ್ಟೀಲ್ ಪಾತ್ರೆ ಕೊಡುವ ಮುದುಕ ನೆನಪಿದ್ದಾನಾ? ಬಾಚಣಿಗೆಯ ಕೂದಲನ್ನು ನೀನು ಗೋಡೆಯ ಗೂಡಿನಲ್ಲಿ ವರ್ಷವೆಲ್ಲಾ ಕೂಡಿಟ್ಟು ಅವನ ಹತ್ತಿರ ಸ್ಟೀಲ್ ಲೋಟ ತೆಗೆದುಕೊಂಡಿದ್ದೆ. ಅವನು ಮೊನ್ನೆ ಬೀದಿಯಲ್ಲಿ ಕೂಗಿಕೊಂಡು ಬಂದ. ಬಚ್ಚಲಿನಿಂದ ಆರಿಸಿ ತೊಳೆದು ಒಣಗಿಸಿ ಕವರಿನಲ್ಲಿಟ್ಟಿದ್ದೆ, ಮೂರು ಹಿಡಿ ಆಗುವಷ್ಟಿತ್ತು. ಕೊಟ್ಟೆ. ಬೆರಳಲ್ಲಿ ಉಜ್ಜಿ ನೋಡಿದ, ಪುಡಿಪುಡಿಯಾಯಿತು. "ಇದು ಬೆಂದೋಗೈತೆ ಕಣಮ್ಮ, ಬ್ಯಾಡ" ಅಂತ ವಾಪಸ್ ಕೈಗಿಟ್ಟು ಹೋದ. ಕೂದಲು ಹೋದ ದಿನಕ್ಕಿಂತ ಅವತ್ತು ಜಾಸ್ತಿ ಅತ್ತೆ. ಯಾಕೆ ಅಂತ ನನಗೇ ಗೊತ್ತಿಲ್ಲ.

ಇಷ್ಟು ಬರೆದ ಮೇಲೆ, ನಲವತ್ತಾರು ವರ್ಷಕ್ಕೆ ಇವಳಿಗೆ ಬಣ್ಣ ಯಾಕೆ ಬೇಕಿತ್ತು ಅಂತ ನೀನು ಕೇಳುತ್ತೀಯ. ಬೇರೆ ಏನಾದರೂ ಬರೆಯೋಣ ಅಂತ ಮಾಡಿದ್ದೆ. ಶೆಡ್ಡಿನ ಹೆಂಗಸರೆಲ್ಲ ಹಚ್ಚಿಕೊಳ್ಳುತ್ತಾರೆ, ನಾನೂ ಹಚ್ಚಿಕೊಂಡೆ, ಅಂತ. ಬರೆದು ಹೊಡೆದೂ ಹಾಕಿದೆ, ಆ ಕಾಗದ ಹರಿದೆ. ಸೀಮಂತದ ದಿನ ಗೊತ್ತು ಮಾಡಿದ ಸಂಜೆ ನೀನು ಫೋನಿನಲ್ಲಿ ಅಂದೆ: "ಅಮ್ಮಾ, ಈ ಸಲನಾದ್ರೂ ತಲೆಗೆ ಏನಾನಾ ಹಚ್ಕೊಂಡ್ ಬಾ. ಮದ್ವೇಲಿ ನಿನ್ನ ನೋಡಿ ನಮ್ಮತ್ತೆ ಕಡೆಯೋರು, ಹುಡ್ಗಿ ಅಜ್ಜೀನಾ ಅಂತ ಕೇಳಿದ್ರು. ನಂಗೆ ತಲೆ ಎತ್ತಕ್ಕಾಗ್ಲಿಲ್ಲ."

ನಾನು "ಸರ್ಲೇ, ಹಚ್ಕೊಂಡೇ ಬರ್ತೀನಿ" ಅಂದೆ. ನಕ್ಕೂಬಿಟ್ಟೆ. ಫೋನ್ ಇಟ್ಟ ಮೇಲೆ ಕನ್ನಡಿ ಮುಂದೆ ಬಹಳ ಹೊತ್ತು ನಿಂತಿದ್ದೆ.

ನಿನ್ನನ್ನು ದೂರುತ್ತಿಲ್ಲ. ನಿಜ ಹೇಳಬೇಕೆಂದರೆ ಮೊದಮೊದಲು ದೂರಿದೆ, ಮನಸ್ಸಿನಲ್ಲೇ ನಿನ್ನನ್ನು ಬೈದೂ ಬೈದೆ. ಆಮೇಲೆ ಇದನ್ನು ಈಗ ಹೇಳಿದರೆ ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ನೀನು ಕೊರಗುತ್ತೀಯ ಅನ್ನಿಸಿತು. ನೀನು ಹಚ್ಚಿಕೊ ಅಂದೆ, ಸೋಡಾದಲ್ಲಿ ಅದ್ದು ಅನ್ನಲಿಲ್ಲ. ಅದು ನನ್ನ ಜಂಬ. ಅದರ ಜೊತೆಗೆ ಪರಿಗಿಯ ಅಜ್ಜಿ ಬೇರೆ ಬಂದು ನನ್ನ ತಲೆ ನೋಡಿ, "ಬಸ್ರಿ ಕಣ್ಣಿಗೆ ಬೋಳು ತಲೆ ಬೀಳ್ಬಾರ್ದು ಕಣಮ್ಮ, ಮಗೀಗೆ ಒಳ್ಳೇದಲ್ಲ. ನೀನು ಹೋಗ್ಬ್ಯಾಡ" ಅಂದುಬಿಟ್ಟರು. ನಾನು ಅದನ್ನು ನಂಬುತ್ತೇನೋ ಇಲ್ಲವೋ ನನಗೇ ತಿಳಿಯದು. ಆದರೆ ನಿನ್ನ ಹೊಟ್ಟೆಯ ಮೇಲೆ ಪರೀಕ್ಷೆ ಮಾಡಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಆದ್ದರಿಂದ ಆರನೇ ತಾರೀಖು ಮಡಿಲಕ್ಕಿ, ಹಸಿರು ಬಳೆ, ಚಿಗಳಿ, ತಂಬಿಟ್ಟು ಎಲ್ಲಾ ನಿಮ್ಮಪ್ಪನ ಕೈಗೆ ಕೊಟ್ಟು ಕಲ್ಯಾಣದುರ್ಗಕ್ಕೆ ಕಳಿಸಿ, ನಾನು ಮನೆಯಲ್ಲೇ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಹಸಿರು ಸೀರೆಯಲ್ಲಿ ನೀನು ತುಂಬಾ ಚೆನ್ನಾಗಿ ಕಾಣುತ್ತಿದ್ದೆಯಂತೆ. ಕೂತು ಕೂತು ಎಡಗಾಲು ಜೋಮು ಹಿಡಿದು ಎರಡು ಸಲ ಚಾಚಿದೆಯಂತೆ. ನಿಮ್ಮಪ್ಪ ಹೇಳಿದರು.

ಈಗ ನಾನು ಕೇಳುವುದು ಒಂದೇ. ಒಂಬತ್ತಕ್ಕೆ ಬೀಳುವ ಮುಂಚೆ ಮನೆಗೆ ಬಾ. ನನ್ನ ಹಳೆಯ ನೂಲಿನ ಸೀರೆಗಳನ್ನು ಒಗೆದು ಹರಿದು ಮಗುವಿಗೆ ಮೆತ್ತನೆ ಬಟ್ಟೆ ಮಾಡಿಟ್ಟಿದ್ದೇನೆ. ನಿನ್ನ ಸ್ಟೀಲ್ ಲೋಟ ಬೆಳಗಿಟ್ಟಿದ್ದೇನೆ. ಅಜ್ಜಿಯ ಮಾತಿನಿಂದ ನಿನಗೂ ಅಂಜಿಕೆಯಾದರೆ, ಉಲ್ಲನ್ ಟೋಪಿ ತಂದಿಟ್ಟುಕೊಂಡಿದ್ದೇನೆ. ಹಗಲೂ ರಾತ್ರಿ ಅದನ್ನು ತೆಗೆಯದೆ ನಿನ್ನ ಬಾಣಂತನ ಮಾಡುತ್ತೇನೆ. ಮಗುವಿಗೆ ನೀರು ಹುಯ್ಯುವಾಗಲೂ ತೆಗೆಯುವುದಿಲ್ಲ. ಅಂದಹಾಗೆ, ಬಲಗಿವಿಯ ಮೇಲೆ ಬೆರಳಿಗೆ ಚುಚ್ಚುವಷ್ಟು ಕೂದಲು ಬಂದಿದೆ. ಬಂದಷ್ಟೂ ಬಿಳಿ. ಅದಕ್ಕೂ ಹಠ.

ಈ ಕಾಗದವನ್ನು ಬಸ್ ಕಂಡಕ್ಟರ್ ಲಿಂಗಣ್ಣನ ಕೈಲಿ ಕಳಿಸುತ್ತಿದ್ದೇನೆ. ಅಳಿಯಂದಿರು ವಂಶಿಯವರಿಗೂ ಬೀಗಿತ್ತಿ ಪೋಲಮ್ಮನವರಿಗೂ ನನ್ನ ನಮಸ್ಕಾರ ತಿಳಿಸು. ಅವರಿಗೆ ಇದನ್ನು ಓದಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ನಿನ್ನ ದಾರಿ ನೋಡುತ್ತಿರುವ,
ಅಮ್ಮ
ಶೋಭಾರಾಣಿ

ತಾಜಾ ಕಲಂ: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆರನೇ ತಾರೀಖು ನಾನು ಮನೆಯಲ್ಲಿ ಮಲಗಿರಲಿಲ್ಲ. ನಿಮ್ಮಪ್ಪನ ಜೊತೆ ನಾನೂ ಬಸ್ ಹತ್ತಿದೆ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲೇ ಕೂತಿರುತ್ತೇನೆ ಅಂತ ಹೇಳಿ ಅವರನ್ನು ಕಳಿಸಿ, ಸ್ವಲ್ಪ ಹೊತ್ತಿಗೆ ಅವರ ಹಿಂದೆಯೇ ನಿಮ್ಮ ಮನೆಗೆ ಬಂದೆ. ಇದು ಅವರಿಗೂ ಗೊತ್ತಿಲ್ಲ. ಶೆಡ್ಡಿನ ಕಂದು ಸೀರೆ, ಹಣೆಯವರೆಗೆ ಸೆರಗು, ಮೂಗಿಗೆ ಮಾಸ್ಕ್. ಶಾಮಿಯಾನದ ಕೊನೆಯ ಕಂಬದ ಹತ್ತಿರ ನಿಂತೆ. ನಿಮ್ಮತ್ತೆ ಆರತಿ ಎತ್ತಿದಾಗ ಸೆರಗಿನೊಳಗೆ ನನ್ನ ಕೈಯೂ ತಾನೇ ಎದ್ದಿತು. ಅಷ್ಟರಲ್ಲಿ ನೀನು ನನ್ನ ಕಡೆ ನೋಡಿದೆ. ನೆಟ್ಟಗೆ ನೋಡಿದೆ. ನೀನು ನಾದಿನಿ ರೇವತಿಯನ್ನು ಕರೆದು, "ಪಾಪ, ಆ ಅಜ್ಜಿ ಆಗ್ಲಿಂದ ನಿಂತೈತೆ, ಒಂದೆಲೆ ಹಾಕ್ಸಿ ಕಳ್ಸೇ" ಅಂದೆ. ಆ ಹುಡುಗಿ ಬಂದು ಕೈ ಹಿಡಿದು ಕೂರಿಸಿದಳು. ಗೋಡೆಯ ಕಡೆ ತಿರುಗಿ ಮಾಸ್ಕ್ ಇಳಿಸಿ, ಮಗಳ ಸೀಮಂತದ ಊಟ ಉಂಡೆ. ಬಾಗಿಲಿಗೆ ಬಂದ ಮುದುಕಿಯ ಹಸಿವು ನಿನಗೆ ಕಂಡಿತಲ್ಲ, ಅದಕ್ಕೆ ಸಂತೋಷಪಟ್ಟುಕೊಂಡೇ ಉಂಡೆ. ಆದರೂ ಹರಿತಾ, ಎಲೆಯಲ್ಲಿ ಪಾಯಸ ಬಿಟ್ಟು ಎದ್ದೆ.

ಟೋಪಿಯ ಮಾತು ಹೊಡೆದುಹಾಕು. ನೀನು ಬರುವ ದಿನ ಹಿಂದೂಪುರದ ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ತಲೆಯ ಮೇಲೆ ಟೋಪಿಯೂ ಇರುವುದಿಲ್ಲ, ಸೆರಗೂ ಇರುವುದಿಲ್ಲ. ಮುಚ್ಚಿಕೊಂಡರೆ ನಿನಗೆ ನನ್ನ ಗುರುತು ಸಿಗುವುದಿಲ್ಲ.