ಅವತ್ತಿನದೇ ಮೊಟ್ಟೆ

ಮನೆಯಿಂದ,
ಅಕ್ಟೋಬರ್ 19, ಶನಿವಾರ

ಪ್ರೀತಿಯ ಕೊರಿನ್,

ನೀನು ಕಳಿಸಿದ ಪೆಟ್ಟಿಗೆ ತಲುಪಿದೆ. ಆಗಸ್ಟ್ ಮುಗಿಯುವ ಮೊದಲೇ ತಲುಪಿತ್ತು ಎನ್ನುವುದು ಹೆಚ್ಚು ಸರಿ. ತಿಂದು ನೋಡದೆ ಚೆನ್ನಾಗಿದೆ ಎನ್ನುವ ಅಭ್ಯಾಸ ನನಗಿಲ್ಲ, ಅದಕ್ಕೇ ಇಷ್ಟು ತಡ. ಎಂಟು ವರ್ಷ ನನ್ನ ಸೊಸೆಯಾಗಿದ್ದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೆಟ್ಟಿಗೆಯ ಮೇಲೆ ನೀನು ನನ್ನ ಹೆಸರನ್ನು ‘ಶ್ರೀಮತಿ ಟಾಲೆಫ್ಸನ್’ ಎಂದು ಬರೆದಿದ್ದೆ. ಒಳಗೆ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್, ಅದರ ಮೇಲೊಂದು ಚೀಟಿ. ಕೋಳಿ ಅವತ್ತೇ ಇಟ್ಟ ಮೊಟ್ಟೆಯ ಸಿಪ್ಪೆಯೂ ಇದರಲ್ಲಿ ಬೇಯಿಸಿದರೆ ಸಲೀಸಾಗಿ ಬಿಡುತ್ತದಂತೆ ಎಂದು ಒಂದೇ ಸಾಲು. ಹೆಸರು ಓದಿ ಸ್ವಲ್ಪ ಬೇಜಾರಾಯಿತು. ಆ ಸಾಲು ಓದಿ ಕುರ್ಚಿ ಎಳೆದುಕೊಂಡು ಕೂತೆ. ಯಾಕೆ ಎನ್ನುವುದನ್ನು ಕೊನೆಗೆ ಬರೆಯುತ್ತೇನೆ. ಈಗಲೇ ಬರೆದರೆ ಉಳಿದದ್ದನ್ನು ಬರೆಯಲಾಗುವುದಿಲ್ಲ.

ಮೊದಲು ಅದನ್ನು ಹಿಂದಿನ ವರಾಂಡದಲ್ಲಿ ವರ್ಲಿನ್‌ನ ಗಂಬೂಟುಗಳ ಪಕ್ಕದಲ್ಲಿಟ್ಟೆ. ಅವನ್ನು ನಾನಿನ್ನೂ ತೆಗೆದಿಲ್ಲ. ಗಂಡ ಸತ್ತ ಮೇಲೆ ಅವನ ಬೂಟನ್ನು ಎಲ್ಲಿಯವರೆಗೆ ಇಟ್ಟುಕೊಳ್ಳಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ. ಕುಕ್ಕರ್ ಎಂದರೆ ನನಗೆ ಚಿಕ್ಕಂದಿನಿಂದ ಭಯ. ನನ್ನಮ್ಮನ ಕುಕ್ಕರ್ ಒಮ್ಮೆ ಒಲೆಯ ಮೇಲೆ ಸಿಡಿದು, ಅಷ್ಟೂ ಬೀನ್ಸ್ ಸೂರಿಗೆ ಅಂಟಿಕೊಂಡಿತ್ತು. ಅಮ್ಮ ತಲೆಯೆತ್ತಿ ನೋಡಿ, “ಊಟ ಮೇಲಿದೆ” ಎಂದಷ್ಟೇ ಹೇಳಿದ್ದಳು.

ಲೋವೆಲ್ ಫೋನ್ ಮಾಡಿದಾಗ ಇದನ್ನು ಹೇಳಿದೆ. “ಅಮ್ಮಾ, ಅದು ಬಾಂಬಲ್ಲ, ಕುಕ್ಕರ್ರು. ಈಗಿನದು ಕೂಗೋದೂ ಇಲ್ಲ. ಯಾರು ಕಳಿಸಿದ್ದು?” ಎಂದ. ನಿನ್ನ ಹೆಸರು ಹೇಳಿದೆ. “ಅವಳ್ಯಾಕೆ ಕಳಿಸ್ಬೇಕು? ಅವಳಿಗೂ ನಮಗೂ ಈಗ ಏನು?” ಎಂದ.

“ನಿನಗೂ ಅವಳಿಗೂ ಏನೂ ಇಲ್ದೆ ಇರಬಹುದು. ಕುಕ್ಕರ್ ಬಂದಿರೋದು ನನಗೆ” ಎಂದೆ.

ಅವನು ಕೆಟ್ಟವನಲ್ಲ. ನೀವಿಬ್ಬರೂ ಯಾಕೆ ಬೇರೆಯಾದಿರಿ ಎಂದು ನಾನು ಅವನನ್ನೂ ಕೇಳಲಿಲ್ಲ, ನಿನ್ನನ್ನೂ ಕೇಳುವುದಿಲ್ಲ.

ನನ್ನ ಕೈಯ ವಿಷಯ ನಿನಗೆ ಗೊತ್ತು. ನಡುಕ ಈಗ ಎಡಗೈಗೂ ಬಂದಿದೆ. ಚಹಾದ ಕಪ್ಪನ್ನು ಅರ್ಧ ಮಾತ್ರ ತುಂಬಿಸುತ್ತೇನೆ. ಅದರಿಂದ ದೊಡ್ಡ ತೊಂದರೆಯೇನಿಲ್ಲ. ತೊಂದರೆಯಾದದ್ದು ಮೊಟ್ಟೆಯಲ್ಲಿ. ನಮ್ಮ ಚರ್ಚಿನಲ್ಲಿ ಯಾರ ಮಣ್ಣಾದರೂ, ಆಮೇಲೆ ನೆಲಮಾಳಿಗೆಯಲ್ಲಿ ನಡೆಯುವ ಊಟಕ್ಕೆ ತುಂಬಿದ ಮೊಟ್ಟೆ ಒಯ್ಯುತ್ತಿದ್ದವಳು ನಾನು. ನನಗಿಂತ ಮೊದಲು ನನ್ನ ಅತ್ತೆ. ಗುಳಿಗಳಿರುವ ಆ ಗಾಜಿನ ತಟ್ಟೆಯೂ ಅವಳದೇ. ಬೇಯಿಸಿ ಎರಡು ಹೋಳು ಮಾಡಿದ ಮೊಟ್ಟೆ, ಹಳದಿಯನ್ನು ಸಾಸಿವೆಯ ಜೊತೆ ಅರೆದು ಮತ್ತೆ ತುಂಬುವುದು, ಮೇಲೆ ಚಿಟಿಕೆ ಕೆಂಪು ಪುಡಿ. ಅದಕ್ಕೂ ಖಾರ ಎನ್ನುವವರು ನಮ್ಮೂರಿನಲ್ಲಿದ್ದಾರೆ.

ಹಳೆಯ ಮೊಟ್ಟೆಯ ಸಿಪ್ಪೆ ಚೆನ್ನಾಗಿ ಬಿಡುತ್ತದೆ, ಹೊಸದರದ್ದು ಬಿಡುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಆದರೂ ಮನೆಯಲ್ಲಿ ಕೋಳಿ ಸಾಕಿದವಳು ಸಾವಿನ ಊಟಕ್ಕೆ ಹೋದ ವಾರದ ಮೊಟ್ಟೆ ಒಯ್ಯುವುದುಂಟೇ? ಅತ್ತೆ ಒಯ್ಯಲಿಲ್ಲ, ಅದಕ್ಕೆ ನಾನೂ ಒಯ್ಯಲಿಲ್ಲ. ಕೈ ನೆಟ್ಟಗಿದ್ದಾಗ ಹೇಗೋ ನಡೆಯಿತು. ಆಮೇಲೆ ಸಿಪ್ಪೆಯ ಜೊತೆ ಅರ್ಧ ಬಿಳಿಯೂ ಕಿತ್ತು ಬರತೊಡಗಿತು. ತಟ್ಟೆಯಲ್ಲಿಟ್ಟರೆ ಇಲಿ ತಿಂದ ಹಾಗೆ ಕಾಣುತ್ತಿತ್ತು.

ಚರ್ಚಿನ ಅಡುಗೆಮನೆ ಈಗಲೂ ಬರ್ನಡೀನ್‌ಳ ಕೈಯಲ್ಲೇ ಇದೆ. ಹೋದ ಚಳಿಗಾಲದಲ್ಲಿ ಒಂದು ದಿನ ಅವಳು ಫೋನ್ ಮಾಡಿ, ಹವಾಮಾನದ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿ, “ಆರ್ಡಿಸ್, ಇನ್ಮೇಲೆ ನೀನು ಉಪ್ಪಿನಕಾಯಿ ತಂದ್ಬಿಡೆ. ಸೀಸೆ ಮುಚ್ಚಳ ತೆಗೆದ್ರೆ ಆಯ್ತು. ನಿನಗೂ ಹಗುರ” ಎಂದಳು. ಉಪ್ಪಿನಕಾಯಿ ತಾ ಎಂದರೆ ನಮ್ಮಲ್ಲಿ ಏನರ್ಥ ಎಂದು ನಿನಗೆ ಗೊತ್ತು. ಅದರ ಮುಂದಿನ ಮೆಟ್ಟಿಲು ಕಾಗದದ ನ್ಯಾಪ್ಕಿನ್. ಅದರ ಮುಂದೆ ನಾವೇ ಹೋಗುವುದು, ಪೆಟ್ಟಿಗೆಯೊಳಗೆ.

ನಾನು ಸರಿ ಎಂದೆ. ತಟ್ಟೆಯನ್ನು ಕಪಾಟಿನ ಮೇಲಿನ ಅರೆಗೆ ಎತ್ತಿಟ್ಟೆ.

ಈ ತಿಂಗಳ ಮೊದಲ ವಾರ ಬರ್ನಡೀನ್‌ಳ ತಾಯಿ ತೀರಿಕೊಂಡಳು. ನೂರರ ಮೇಲಾಗಿತ್ತು ವಯಸ್ಸು. ಕೊನೆಯವರೆಗೂ ಮಗಳ ಕಾಫಿ ತೆಳ್ಳಗಿದೆ ಎಂದು ಬೈಯುತ್ತಿದ್ದಳು. ಸುದ್ದಿ ಬಂದ ಸಂಜೆ ನಾನು ವರಾಂಡಕ್ಕೆ ಹೋಗಿ ಕುಕ್ಕರನ್ನು ಒಳಗೆ ತಂದೆ.

ನಗಬೇಡ. ತಳಕ್ಕೆ ಒಂದು ಲೋಟ ನೀರು ಹಾಕಿ, ಕಂಬಿಯ ತಟ್ಟೆಯ ಮೇಲೆ ಮೊಟ್ಟೆ ಜೋಡಿಸಿ, ಮುಚ್ಚಳ ತಿರುಗಿಸಿ, ಗುಂಡಿ ಒತ್ತಿದೆ. ಆಮೇಲೆ ವರ್ಲಿನ್‌ನ ದಪ್ಪ ಕೋಟು ಹಾಕಿಕೊಂಡು ಬಾಗಿಲ ಹಿಂದೆ ನಿಂತೆ. ಅದು ಸದ್ದಿಲ್ಲದೆ ತನ್ನ ಕೆಲಸ ಮಾಡಿಕೊಂಡಿತು. ಐದು ನಿಮಿಷದ ಬೇಯುವಿಕೆ ಮುಗಿದ ಮೇಲೆ ಸ್ವಲ್ಪ ಕಾದು, ಹಬೆ ಬಿಡುವ ಗುಂಡಿಯನ್ನು ಪೊರಕೆಯ ಹಿಡಿಯಿಂದ ತಳ್ಳಿದೆ. ಹುಸ್ ಎಂದು ಉಸಿರು ಬಿಟ್ಟಿತು. ಕೋಪವಿರಲಿಲ್ಲ ಅದರಲ್ಲಿ. ದಿನದ ಕೆಲಸ ಮುಗಿಸಿ ಬೂಟು ಬಿಚ್ಚುವಾಗ ವರ್ಲಿನ್ ಬಿಡುತ್ತಿದ್ದ ಉಸಿರಿನ ಹಾಗಿತ್ತು.

ಕುದಿಯುವ ನೀರಿನ ಪಾತ್ರೆಯನ್ನು ನಡುಗುವ ಕೈಯಲ್ಲಿ ಎತ್ತಿಕೊಂಡು ಹೋಗಿ ಬಸಿಯುವ ಗೋಜಿಲ್ಲ. ಚಿಮಟದಿಂದ ಒಂದೊಂದೇ ಮೊಟ್ಟೆ ತೆಗೆದು ಐಸ್ ನೀರಿಗೆ ಬಿಟ್ಟೆ. ತಣ್ಣಗಾದ ಮೇಲೆ ಒಂದನ್ನು ಮೇಜಿಗೆ ಕುಟ್ಟಿ ಹೆಬ್ಬೆರಳು ಒತ್ತಿದೆ. ಸಿಪ್ಪೆ ಎರಡೇ ತುಂಡಾಗಿ ಜಾರಿತು, ಮಗುವಿನ ಕಾಲಿಂದ ಕಾಲುಚೀಲ ಜಾರಿದ ಹಾಗೆ. ಬಿಳಿ ಒಂದಿಷ್ಟೂ ಹರಿದಿರಲಿಲ್ಲ. ನನ್ನ ಕೈ ನಡುಗುತ್ತಲೇ ಇತ್ತು, ಕೊರಿನ್. ನಡುಗಿದರೂ ಆಗುತ್ತದೆ ಎನ್ನುವುದು ನನಗೆ ಹೊಸದು. ಅದೊಂದನ್ನು ಉಪ್ಪು ಹಾಕಿಕೊಂಡು ನಿಂತಲ್ಲೇ ತಿಂದೆ. ನಂತರ ತಟ್ಟೆಯನ್ನು ಕೆಳಗಿಳಿಸಿ ತೊಳೆದೆ.

ಮಣ್ಣಿನ ದಿನ ಬೆಳಿಗ್ಗೆ ಗೂಡಿನಿಂದ ತಂದ ಮೊಟ್ಟೆಗಳನ್ನೇ ಬೇಯಿಸಿ ಒಯ್ದೆ. ಯಾರನ್ನೂ ಕೇಳಲಿಲ್ಲ. ಒಂದು ಕೈಯಲ್ಲಿ ಉಪ್ಪಿನಕಾಯಿಯ ಸೀಸೆಯೂ ಇತ್ತು, ಹೇಳಿದ್ದನ್ನು ಮಾಡಲಿಲ್ಲ ಎನ್ನಬಾರದಲ್ಲ. ಬರ್ನಡೀನ್ ಅವತ್ತು ಸತ್ತವರ ಮನೆಯವಳು. ಮನೆಯವರು ಏನೂ ತರುವ ಹಾಗಿಲ್ಲ, ಅಡುಗೆಮನೆಗೆ ಕಾಲಿಡುವ ಹಾಗಿಲ್ಲ, ಕೂತು ಉಣ್ಣಬೇಕು. ನಲವತ್ತು ವರ್ಷ ಬೇರೆಯವರಿಗೆ ಅವಳೇ ಇದನ್ನು ಹೇಳಿದ್ದು. ಆದರೂ ತಟ್ಟೆ ಮೇಜಿಗೆ ಹೋದ ಸ್ವಲ್ಪ ಹೊತ್ತಿಗೆ, ಅರ್ಧ ಕಚ್ಚಿದ ಮೊಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು.

“ಇದನ್ನ ಯಾವ ಅಂಗಡಿಯಿಂದ ತಂದೆ?”

“ಅಂಗಡೀದಲ್ಲ. ನಮ್ಮ ಕೋಳೀದು.”

“ಯಾವತ್ತಿನದು?”

“ಇವತ್ತಿನದೇ ಕಣೇ.”

ಅವಳು ಮೊಟ್ಟೆ ನೋಡಿದಳು, ನನ್ನ ಕೈ ನೋಡಿದಳು. “ಸುಳ್ಳು ಹೇಳ್ಬೇಡ ಮಾರಾಯ್ತಿ, ಚರ್ಚಲ್ಲಿದ್ದೀಯ” ಎಂದಳು. ಪಾತ್ರೆ ತೊಳೆಯುತ್ತಿದ್ದವರಲ್ಲಿ ಯಾರೋ, “ಬರ್ನಡೀನ್, ನೀನಿವತ್ತು ಮನೆಯವಳು. ಹೊರಗ್ಹೋಗಿ ಕೂತ್ಕೊ” ಎಂದು ಗದರಿದರು. ಹೋಗುತ್ತಾ ಅವಳು ಬಾಯಲ್ಲಿದ್ದದ್ದನ್ನು ನುಂಗಿ, “ಪರವಾಗಿಲ್ಲ” ಎಂದಳು. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಪಾದ್ರಿಗಳ ಪ್ರವಚನಕ್ಕೂ ಅಷ್ಟು ಸಿಕ್ಕಿದ್ದನ್ನು ನಾನು ಕೇಳಿಲ್ಲ.

ಈಗ ಆ ಚೀಟಿಯ ವಿಷಯ.

ಜೂನ್‌ನಲ್ಲಿ ವರ್ಲಿನ್‌ನ ಮಣ್ಣಿನ ದಿನವೂ ನಾನು ಬೆಳಿಗ್ಗೆ ಮೊಟ್ಟೆ ಬೇಯಿಸಿದ್ದೆ. ವಿಧವೆ ತರಬಾರದು ಎಂದು ಗೊತ್ತಿತ್ತು. ಆದರೆ ಅವನಿಲ್ಲದ ಮನೆಯಲ್ಲಿ ಕೈಗೆ ಏನಾದರೂ ಕೆಲಸ ಬೇಕಿತ್ತು. ಒಂದೂ ನೆಟ್ಟಗೆ ಬರಲಿಲ್ಲ. ಹರಿದ ಮೊಟ್ಟೆಗಳನ್ನೆಲ್ಲ ಡಬ್ಬಿಗೆ ತುಂಬಿ, ಮೇಲೊಂದು ಬಟ್ಟೆ ಮುಚ್ಚಿ, ಯಾರೂ ನೋಡದಂತೆ ಚರ್ಚಿನ ಅಡುಗೆಮನೆಯಲ್ಲಿಟ್ಟು ಮೇಲೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ. ಪ್ರಾರ್ಥನೆಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ವರ್ಲಿನ್ ಅಲ್ಲ, ಆ ಡಬ್ಬಿ. ಬರ್ನಡೀನ್ ಬಟ್ಟೆ ಎತ್ತಿ ನೋಡುತ್ತಾಳೆ, ಪಾಪ ಆರ್ಡಿಸ್ ಎನ್ನುತ್ತಾಳೆ, ಊರೆಲ್ಲ ಪಾಪ ಎನ್ನುತ್ತದೆ ಎಂದು.

ಮಣ್ಣು ಮುಗಿಸಿ ಕೆಳಗಿಳಿದು ಬಂದಾಗ ಡಬ್ಬಿ ಇರಲಿಲ್ಲ. ಮೇಜಿನ ಮೇಲೆ ಮೊಟ್ಟೆ ಕಲಸಿಟ್ಟ ಸ್ಯಾಂಡ್‌ವಿಚ್‌ಗಳಿದ್ದವು, ಅಂಚು ಕತ್ತರಿಸಿ ಅಚ್ಚುಕಟ್ಟಾಗಿ ಜೋಡಿಸಿದ್ದು. ಯಾರೂ ತಂದವಲ್ಲ. ಒಂದನ್ನು ಬಿಡಿಸಿ ನೋಡಿದೆ. ಜೂನ್‌ನಲ್ಲಿ ಹುಲ್ಲು ಮೇದ ನಮ್ಮ ಕೋಳಿಗಳ ಮೊಟ್ಟೆಯಲ್ಲಲ್ಲದೆ ಆ ಕಡು ಹಳದಿ ಬೇರೆಲ್ಲೂ ಸಿಗುವುದಿಲ್ಲ. ತಲೆಯೆತ್ತಿದಾಗ ಬಡಿಸುವ ಕಿಟಕಿಯ ಆಚೆ ನಿನ್ನ ಬೆನ್ನು ಕಂಡಿತು. ಯಾರದೋ ಏಪ್ರನ್ ಕಟ್ಟಿಕೊಂಡು ಪಾತ್ರೆ ತೊಳೆಯುತ್ತಿದ್ದೆ. ಪ್ರಾರ್ಥನೆಯ ಹೊತ್ತಿಗೆ ಹಿಂದಿನ ಕೊನೆಯ ಬೆಂಚಿನಲ್ಲಿದ್ದೆಯಂತೆ, ಆಮೇಲೆ ಎಲ್ಲರಿಗಿಂತ ಮೊದಲೇ ಕೆಳಗಿಳಿದೆಯಂತೆ. ದುಲೂತ್‌ನಿಂದ ಅಷ್ಟು ದೂರ ಗಾಡಿ ಓಡಿಸಿಕೊಂಡು ಬಂದವಳು ನಮ್ಮ ಜೊತೆ ಒಂದು ತುತ್ತು ಉಣ್ಣದೆ ಹೋದೆ. ನೀನು ಹಿಂತಿರುಗಿ ನೋಡಲಿಲ್ಲ, ನಾನೂ ಕರೆಯಲಿಲ್ಲ. ಕರೆದು ಏನೆಂದು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಯಾರೋ ಬಂದು ಕೈ ಕುಲುಕಿದರು, ಆಮೇಲೆ ನೀನಿರಲಿಲ್ಲ.

ಆ ಹರಿದ ಮೊಟ್ಟೆಗಳನ್ನು ಕಂಡವರಲ್ಲದೆ ಬೇರೆ ಯಾರೂ ಚೀಟಿಯಲ್ಲಿ ಆ ಸಾಲು ಬರೆಯಲಾರರು. ಆ ದಿನ ನೀನು ನನ್ನ ಮಾನ ಉಳಿಸಿದೆ. ಈಗ ನನ್ನ ತಟ್ಟೆಯನ್ನು ವಾಪಸು ಕೊಡಿಸಿದೆ. ಎರಡಕ್ಕೂ ಸೇರಿಸಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಟೈಪು ಮಾಡಿಸಿದರೆ ಇದು ನನ್ನದಾಗುವುದಿಲ್ಲ.

ಕುಕ್ಕರ್ ಪರವಾಗಿಲ್ಲ, ಕೊರಿನ್. ನೀನೂ ಪರವಾಗಿಲ್ಲ.

ಇಂತಿ ನಿನ್ನ,
ಆರ್ಡಿಸ್
(ಶ್ರೀಮತಿ ಟಾಲೆಫ್ಸನ್ ನನ್ನ ಅತ್ತೆಯ ಹೆಸರು)

ಮರೆತದ್ದು: ನಿನ್ನೆ ಬರ್ನಡೀನ್ ಕುಕ್ಕರ್ ನೋಡಲು ಬಂದಿದ್ದಳು. ಕಾಫಿ ಕುಡಿಯುತ್ತಾ, ನನ್ನ ಸರದಿ ಬಂದಾಗ ಯಾವ ಹಾಡು, ಯಾರ ಅಡುಗೆ ಎಂದು ಮಾತಾಡಿಕೊಂಡೆವು. ಅವಸರವೇನಿಲ್ಲ, ಡಾಕ್ಟರೂ ಹಾಗೇ ಹೇಳಿದ್ದಾರೆ. ಮೊಟ್ಟೆ ತಾನೇ ತರುವುದಾಗಿ ಅವಳು ಹೇಳಿದಳು, ಕುಕ್ಕರ್ ಅವಳಿಗೆ ಬಿಟ್ಟುಹೋದರೆ. “ಕೊರಿನ್‌ಗೆ ಏನು ತರೋಕೆ ಹೇಳ್ಲಿ? ಸ್ಯಾಂಡ್‌ವಿಚ್ಚಾ?” ಎಂದಳು. ಆ ದಿನದ್ದು ಅವಳಿಗೂ ಗೊತ್ತಿತ್ತೆಂದು ಕಾಣುತ್ತದೆ. “ಅವಳು ಏನೂ ತರೋ ಹಾಗಿಲ್ಲ, ಅವಳು ಮನೆಯವಳು” ಎಂದೆ. ಲೋವೆಲ್‌ಗೂ ಹೇಳಿದ್ದೇನೆ. ಅವನು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆದ್ದರಿಂದ ಅವತ್ತು ನೀನು ಬರಿಗೈಯಲ್ಲಿ ಬಂದು ಮುಂದಿನ ಬೆಂಚಿನಲ್ಲಿ ಕೂರಬೇಕು. ಅದಕ್ಕೂ ಮೊದಲು ಯಾವುದಾದರೂ ಭಾನುವಾರ ಬಂದು, ನನ್ನ ಪಕ್ಕದಲ್ಲಿ ಒಮ್ಮೆ ಕೂತು ನೋಡು. ಬೆಂಚು ಉದ್ದವಿದೆ.