ಮೊದಲ ದಿನ ಒಂದು ಗಂಟೆ

ಪ್ರೀತಿಯ ಅತ್ತಿಗೆಗೆ,

ನೀವು ನನ್ನ ಕೈಗೆ ಒಪ್ಪಿಸಿ ಹೋದ ಸಸಿಗಳ ಸುದ್ದಿ ಹೇಳುವುದು ಹಾಗೇ ಉಳಿದಿದೆ. ಹೇಳದಿದ್ದರೆ ನೀವು ಬಿಡುವವರಲ್ಲ.

ಆಸ್ಪತ್ರೆಗೆ ಹೊರಟ ದಿನ ಮೆಟ್ಟಿದ ಚಪ್ಪಲಿಯನ್ನು ಮತ್ತೆ ಬಿಚ್ಚಿಟ್ಟು ಅಡುಗೆಮನೆಗೆ ಬಂದಿರಿ. ಕಿಟಕಿಯ ಬಳಿ ಮೊಟ್ಟೆ ಟ್ರೇಯಲ್ಲಿ ಆಗತಾನೆ ತಲೆಯೆತ್ತಿದ್ದ ಬದನೆ, ಟೊಮೆಟೊ ತೋರಿಸಿ, "ನಾಲ್ಕೆಲೆ ಬಂದ್ಮೇಲೆ ಹೊರಗಿಡು. ಮೊದಲ ದಿನ ಒಂದು ಗಂಟೆ, ಮಾರನೇ ದಿನ ಎರಡು. ಒಂದೇ ಸಲ ಬಿಸಿಲಿಗೆ ಬಿಟ್ರೆ ಸುಟ್ಟುಹೋಗ್ತಾವೆ. ನಿಮ್ಮಣ್ಣನ ಕೈಗೆ ಮಾತ್ರ ಕೊಡ್ಬೇಡ, ಮುದ್ದು ಮಾಡಿ ಮಾಡಿ ಸಾಯಿಸ್ತಾರೆ" ಅಂದಿರಿ. ಅಣ್ಣ ಬಾಗಿಲಲ್ಲಿ ನಿಂತು, "ನಿಂತ ಗಡಿಯಾರಕ್ಕೆ ಜೀವ ಕೊಡೋನು ನಾನು, ಬದನೆಗಿಡ ಸಾಯಿಸ್ತೀನಾ?" ಅಂದ. "ಕೀ ಕೊಟ್ರೆ ಗಿಡ ಬೆಳೆಯಲ್ಲ ಕಣ್ರೀ" ಅಂದಿರಿ. ಮೂವರೂ ನಕ್ಕೆವು.

ಸಸಿಗಳನ್ನು ಹೊರಗಿಡತೊಡಗಿದ ನಾಲ್ಕನೇ ದಿನ ನೀವು ತೀರಿಕೊಂಡಿರಿ. ಮನೆ ತುಂಬ ಜನ. ಸಸಿಗಳಿಗೆ ಬಿಸಿಲಲ್ಲಿ ನಾಲ್ಕು ಗಂಟೆ ತುಂಬಿದ ಕೂಡಲೇ ನಾನು ಅವರ ನಡುವಿನಿಂದ ಎದ್ದು ಹೋಗಿ ಟ್ರೇ ಒಳಗೆ ತಂದೆ. "ಇವನದೇನು ಕಲ್ಲೆದೆಯೋ" ಎಂದು ಚಿಕ್ಕಮ್ಮ ಅಂದದ್ದು ಕೇಳಿಸಿತು. ಇರಬಹುದು. ಅಳು ಬರಲಿಲ್ಲ. ಇಂದಿಗೂ ಬಂದಿಲ್ಲ. ನನ್ನ ಸೈಕಲ್ ರಿಪೇರಿ ಅಂಗಡಿಯಲ್ಲಿ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ತೂತು ಹುಡುಕುತ್ತೇನೆ. ಗುಳ್ಳೆ ಕಂಡ ಮೇಲೂ ಸುಮ್ಮನೆ ನೋಡುತ್ತಿರುತ್ತೇನೆ.

ಮಾರನೇ ದಿನ ಅಣ್ಣ ಟ್ರೇ ಮುಟ್ಟಲು ಬಿಡಲಿಲ್ಲ. "ಅವಳು ಕೈಯಾಡಿಸಿದ ಮಣ್ಣು, ಗಾಳಿಗಿಡ್ಬೇಡ" ಎಂದು ಕಿಟಕಿ ಮುಚ್ಚಿದ. ಗಡಿಯಾರದ ಅಂಗಡಿ ತೆರೆಯಲಿಲ್ಲ, ಹೊಸ್ತಿಲು ದಾಟಲಿಲ್ಲ. ಹನ್ನೆರಡು ದಿನ. ಸಸಿಗಳು ಬಿಳಿಚಿಕೊಂಡು, ಉದ್ದುದ್ದ ಬೆಳೆದು ಗಾಜಿಗೆ ಒರಗಿದವು. ಮೂರು ಸಸಿ ಬುಡದಲ್ಲೇ ಮಡಚಿಕೊಂಡು ಬಿದ್ದವು.

ಹದಿಮೂರನೇ ದಿನ ಬೆಳಿಗ್ಗೆ ನಾನು ಕೇಳದೆ ಟ್ರೇ ಎತ್ತಿಕೊಂಡೆ. ಅಣ್ಣ ತಡೆಯಲಿಲ್ಲ. "ಎಷ್ಟು ಹೊತ್ತು?" ಅಂದ.

"ಇಷ್ಟು ದಿನ ಒಳಗೇ ಇದ್ವಲ್ಲ, ಮತ್ತೆ ಮೊದಲಿಂದ. ಒಂದು ಗಂಟೆ."

ಸ್ವಲ್ಪ ಹೊತ್ತಿಗೆ ಕುರ್ಚಿ ಎಳೆದುಕೊಂಡು ಅವನೂ ಹಿತ್ತಲಿಗೆ ಬಂದ. ತೊಡೆಯ ಮೇಲೆ ಅಲಾರಂ ಗಡಿಯಾರ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತ. ನಾನು ಟ್ರೇ ಎತ್ತಲು ಹೋದರೆ, "ಇನ್ನೂ ಎರಡು ನಿಮಿಷ ಇದೆ, ಮುಟ್ಬೇಡ" ಅಂದ. ಅಲಾರಂ ಹೊಡೆದ ಮೇಲೆ ಟ್ರೇ ಒಳಗೆ ಹೋಯಿತು, ಹಿಂದೆಯೇ ಅವನೂ ಹೋದ. ಮಾರನೇ ದಿನ ಸಸಿಗಳಿಗೂ ಅವನಿಗೂ ಎರಡು ಗಂಟೆ. ಐದನೇ ದಿನ ಕೂತಲ್ಲೇ ಪಕ್ಕದ ಮನೆಯ ಮೇಷ್ಟ್ರ ವಾಚನ್ನು ರಿಪೇರಿಗೆಂದು ಬಿಚ್ಚಿದ.

ಇವತ್ತು ಎಂಟನೇ ದಿನ. ಉಳಿದ ಒಂಬತ್ತು ಸಸಿಗಳನ್ನು ಬೆಳಿಗ್ಗೆ ನೆಲದಲ್ಲಿ ನೆಟ್ಟೆವು. ಸಂಜೆ ಅಲಾರಂ ಹೊಡೆಯಿತು. ಅಣ್ಣ ಅಭ್ಯಾಸಬಲದಿಂದ ಎದ್ದು ಖಾಲಿ ಟ್ರೇ ಎತ್ತಿಕೊಂಡ. ಅದನ್ನೊಮ್ಮೆ ನೋಡಿ, ಕೆಳಗಿಟ್ಟು, ಮತ್ತೆ ಕೂತ. ನಾನು ಒಳಗೆ ಕರೆಯಲಿಲ್ಲ.

ನೀವಿರುವಲ್ಲಿ ತಂಪಾಗಿರಲಿ, ಅತ್ತಿಗೆ. ನೀರು ಹಾಕುವ ಕೆಲಸ ನನ್ನದೇ. ಅವನ ಕೈಗೆ ಕೊಟ್ಟಿಲ್ಲ.

ಇಂತಿ,
ನಿಮ್ಮ ಮೈದುನ